ಚಂಡೆ ಎಷ್ಟು ದೂರ?

ಹೊನ್ನಾವರದ ಬಳಿ ಕಡಲು ಸೇರುವ ಮುನ್ನ ಶರಾವತಿ ಮಾವಿನಕುರ್ವೆಯನ್ನು ಬಳಸಿಕೊಂಡು ಹರಿಯುತ್ತದೆ. ಕುರ್ವೆಯೆಂದರೆ ಹೊಳೆ ನಡುವಿನ ನೆಲ. ಇಂಥಲ್ಲಿ ಯಕ್ಷಗಾನದ ಆಟವಿದ್ದ ರಾತ್ರಿ ಆಚೆ ದಡಕ್ಕೆ ಮೊದಲು ಮುಟ್ಟುವುದು ಭಾಗವತರ ಪದವಲ್ಲ, ಚಂಡೆಯ ಪೆಟ್ಟು. ಬಯಲಿನಲ್ಲಿ ಅದು ಕರೆಯೋಲೆ. ಧ್ವನಿ ಮುದ್ರಿಸುವ ಸ್ಟುಡಿಯೋದ ನಾಲ್ಕು ಗೋಡೆಗಳೊಳಗೆ ತಲೆನೋವು.

ಯಕ್ಷಗಾನದ ಬಡಗಿನ ಶೈಲಿಯಾದ ಬಡಗುತಿಟ್ಟಿನ ಹಿಮ್ಮೇಳ ಚಿಕ್ಕದು: ತಾಳ ಹಿಡಿದು ಪದ ಹೇಳುವ ಭಾಗವತರು, ಮದ್ದಳೆ, ಚಂಡೆ, ಶ್ರುತಿಗೆ ಹಾರ್ಮೋನಿಯಂ ಇಲ್ಲವೇ ಶ್ರುತಿಪೆಟ್ಟಿಗೆ. ಈಗಿನ ಸಿನಿಮಾ ಹಾಡಿನಂತೆ ಒಬ್ಬೊಬ್ಬರನ್ನೇ ಕೂರಿಸಿ ಮುದ್ರಿಸಬಹುದಲ್ಲ? ಅದಕ್ಕೆ ಲಯ ಮೊದಲೇ ನಿಗದಿಯಾಗಿರಬೇಕು. ಇಲ್ಲಿ ಲಯ ಹುಟ್ಟುವುದೇ ಹಾಡುವಾಗ. ಆವೇಶದ ಏರುಪದದಲ್ಲಿ ಭಾಗವತರು ನಡೆಯನ್ನು ಬಿಗಿಮಾಡುತ್ತಾರೆ, ಒಂದು ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಬಿಡ್ತಿಗೆ, ಮುಕ್ತಾಯ ಎಂಬ ಲಯದ ನುಡಿಸಾಣಿಕೆಗಳ ಸುಳಿವು ಅವರ ಕಣ್ಣಲ್ಲಿ, ತಾಳದ ಕೈಯಲ್ಲಿ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ನೆಬ್ಬೂರು ನಾರಾಯಣ ಭಾಗವತರು ದಶಕಗಟ್ಟಲೆ ಹಾಡಿದರು. ಹಾಗೆ ವರ್ಷಗಳ ಒಡನಾಟದಲ್ಲಿ ಕೂಡಿಬಂದ ಹೊಂದಿಕೆಯನ್ನು ಬಿಡಿಬಿಡಿಯಾಗಿ ಮುದ್ರಿಸಿ ಆಮೇಲೆ ಹೊಲಿಯಲಾಗದು.

ಹಾಗಾಗಿ ಎಲ್ಲರೂ ಒಟ್ಟಿಗೇ. ಆಗ ಚಂಡೆಯ ಸದ್ದು ಭಾಗವತರ ಮೈಕಿಗೂ ನುಗ್ಗುತ್ತದೆ. ಚಂಡೆ ತಪ್ಪಿದರೆ ಆ ತಪ್ಪನ್ನು ಮಾತ್ರ ಅಳಿಸುವಂತಿಲ್ಲ. ಪದ ಮತ್ತೆ ಮೊದಲಿನಿಂದ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಒಂದೇ ಪೆಟ್ಟು ಎರಡು ಮೈಕುಗಳಿಗೆ ಹಿಂದುಮುಂದಾಗಿ ತಲುಪಿ, ಬೆರೆಸಿದಾಗ ನಾದ ಟೊಳ್ಳಾಗಬಹುದು. ಮದ್ದು ಹಳೆಯದೇ: ಮೈಕನ್ನು ವಾದ್ಯಕ್ಕೆ ಹತ್ತಿರ ತರುವುದು, ಭಾಗವತರ ಮೈಕಿನ ಬೆನ್ನು ಚಂಡೆಯತ್ತ ಇರುವಂತೆ ತಿರುಗಿಸುವುದು, ಗೋಡೆಗೆ ದಪ್ಪ ಬಟ್ಟೆ ಇಳಿಬಿಡುವುದು, ಚಂಡೆಯನ್ನು ದೂರ ಸರಿಸುವುದು.

ದೂರದಿಂದ ದನಿ ಹೊಂದಿಸುವುದು ಹೊಸದಲ್ಲ. 1902ರಲ್ಲಿ ಕೋಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಮೈಕೇ ಇರಲಿಲ್ಲ, ಇದ್ದದ್ದು ತಗಡಿನ ಕಹಳೆ. ಯಾರ ದನಿ ಎಷ್ಟು ಕೇಳಬೇಕೆಂಬುದನ್ನು ಕಹಳೆಯಿಂದ ಅವರವರ ದೂರವೇ ತೀರ್ಮಾನಿಸುತ್ತಿತ್ತು. 1925ರ ಹೊತ್ತಿಗೆ ವಿದ್ಯುತ್ ಮುದ್ರಣ ಬಂತು, ಮುಂದೆ ಕ್ಯಾಸೆಟ್ ಬಂತು. 1990ರಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಪದಗಳು ಇಂದಿಗೂ ಕಿವಿಗೆ ಬೀಳುತ್ತಿರುವುದು ಮುದ್ರಣದ ಉಪಕಾರ.

ದೂರಕ್ಕೂ ಮಿತಿಯುಂಟು. ರಂಗಸ್ಥಳದಲ್ಲೂ ಚಂಡೆ ತುಸು ಬದಿಗೇ ಇರುತ್ತದೆ, ಆದರೆ ಭಾಗವತರು ಕಾಣುವಷ್ಟು ಬದಿಗೆ. ಗಾಜಿನ ಕೋಣೆಯಲ್ಲಿಟ್ಟು ಹೆಡ್‌ಫೋನ್ ಕೊಟ್ಟರೆ ಸೋರಿಕೆ ನಿಲ್ಲುತ್ತದೆ, ಹಿಮ್ಮೇಳದ ಬಿಸಿಯೂ ಆರುತ್ತದೆ. ಆದ್ದರಿಂದ ಬಲ್ಲ ತಂತ್ರಜ್ಞರು ಮೈಕಿಗೆ ಕೈಹಾಕುವ ಮೊದಲು ಚಂಡೆಯವರ ಜಾಗದಲ್ಲಿ ತಾವೇ ನಿಂತು ನೋಡುತ್ತಾರೆ: ಭಾಗವತರ ತಾಳದ ಕೈ ಇಲ್ಲಿಂದ ಕಾಣುತ್ತದೆಯೇ?