ಮೀಟರಿಗೆ ಮರೆವು ಬಂದರೆ

ತುಮಕೂರಿನಲ್ಲಿ ಯುಪಿಎಸ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರು ಕೇಳಿದ್ದಾರೆ: ‘ಒಳ್ಳೆಯ ಬೆಂಚ್ ಮಲ್ಟಿಮೀಟರ್ ಬೇಕು. ಕೆಟ್ಟರೆ ನಾನೇ ರಿಪೇರಿ ಮಾಡಿಕೊಳ್ಳುವಂತಿರಬೇಕು. ಹೊಸದು ತಗೊಳ್ಳಲೋ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಎಚ್‌ಪಿ ಹುಡುಕಲೋ? ಎಷ್ಟು ಅಂಕಿಯದ್ದು ಒಳ್ಳೆಯದು?’

ಅಂಕಿಯ ಲೆಕ್ಕದ ಮೇಲೆ ನನಗೆ ಹಳೆಯ ಸಿಟ್ಟಿದೆ, ಅಲ್ಲಿಂದಲೇ ಶುರು ಮಾಡುತ್ತೇನೆ. ಐದೂವರೆ ಅಂಕಿಗಿಂತ ಆರೂವರೆ ಅಂಕಿಯ ಮೀಟರು ಹತ್ತು ಪಟ್ಟು ‘ಸರಿ’ ಎಂದು ಎಂಜಿನಿಯರಿಂಗ್ ಓದಿದವರೂ ನಂಬಿದ್ದಾರೆ. ಅಂಕಿ ಹೆಚ್ಚಿದಷ್ಟೂ ಸಣ್ಣ ಸಣ್ಣ ಏರಿಳಿತ ಕಣ್ಣಿಗೆ ಬೀಳುತ್ತದೆ, ನಿಜ. ಆದರೆ ಹತ್ತು ನಿಮಿಷ ಹಿಂದೆ ಬಿದ್ದ ಗಡಿಯಾರಕ್ಕೆ ಸೆಕೆಂಡಿನ ಮುಳ್ಳು ಕೂರಿಸಿದರೆ ಬಸ್ಸು ಸಿಗುತ್ತದೆಯೇ?

ಮೀಟರಿನ ಸತ್ಯವೆಲ್ಲ ಇರುವುದು ಒಳಗಿನ ಒಂದು ಪುಟ್ಟ ಝೀನರ್ ಡಯೋಡಿನಲ್ಲಿ. ಹೊರಗಿನಿಂದ ಬಂದ ವೋಲ್ಟೇಜನ್ನು ಮೀಟರು ತೂಗಿ ನೋಡುವುದು ಇದರ ಜೊತೆಗೇ. 1990ರ ದಶಕದಿಂದ ಲ್ಯಾಬುಗಳ ಮೇಜನ್ನು ಆಳಿದ ಆರೂವರೆ ಅಂಕಿಯ ಎಚ್‌ಪಿ 34401ಎ ಬಿಚ್ಚಿದರೆ ಎಲ್‌ಎಂ399 ಎಂಬ ಬಿಡಿಭಾಗ ಸಿಗುತ್ತದೆ. ಅದರ ಝೀನರ್ ಕೊಡುವುದು ಸುಮಾರು 6.95 ವೋಲ್ಟ್. ತಾಪ ಬದಲಾದರೆ ಝೀನರಿನ ವೋಲ್ಟೇಜೂ ಜಾರುತ್ತದಲ್ಲ, ಅದಕ್ಕೆ ಮಾಡಿದ ಉಪಾಯ ಸೊಗಸಾಗಿದೆ: ಅದೇ ಸಿಲಿಕಾನ್ ಚೂರಿನ ಮೇಲೆ ಒಂದು ಹೀಟರನ್ನೂ ಕೆತ್ತಿ, ಸದಾ ಸುಮಾರು 90 ಡಿಗ್ರಿಯಲ್ಲಿ ಕಾಯಿಸಿಡುವುದು. ಹೊರಗೆ ಬೆಂಗಳೂರಿನ ಡಿಸೆಂಬರೋ ರಾಯಚೂರಿನ ಮೇ ತಿಂಗಳೋ, ಅದಕ್ಕೆ ಗೊತ್ತೇ ಆಗುವುದಿಲ್ಲ. ಝೀನರ್ ಕೆಲವೇ ಸೆಕೆಂಡಿನಲ್ಲಿ ಕಾಯುತ್ತದೆ. ಸುತ್ತಲಿನ ರೆಸಿಸ್ಟರು, ಪೆಟ್ಟಿಗೆ ಎಲ್ಲ ಹದಕ್ಕೆ ಬರಲು ಒಂದು ಗಂಟೆ ಬೇಕು. ಯಂತ್ರಕ್ಕೂ ವಿಶ್ರಾಂತಿ ಕೊಡಬೇಕು ಎಂದು ಗಳಿಗೆಗೊಮ್ಮೆ ಆಫ್ ಮಾಡುವ ಪುಣ್ಯಾತ್ಮರು ಇದನ್ನು ಗಮನಿಸಬೇಕು.

ಇನ್ನೊಂದು ಸಂಗತಿ. ಇಂಥ ಝೀನರಿನ ಜಾರುವಿಕೆ ವಯಸ್ಸಾದಂತೆ ಸಾಮಾನ್ಯವಾಗಿ ನಿಧಾನವಾಗುತ್ತದೆ. ಮೂವತ್ತು ವರ್ಷ ನೆಟ್ಟಗೆ ಬಾಳಿದ ಮೀಟರಿನ ಝೀನರ್, ಕಾರ್ಖಾನೆಯಿಂದ ನಿನ್ನೆ ಬಂದದ್ದಕ್ಕಿಂತ ಹೆಚ್ಚು ಸ್ಥಿರವಾಗಿರಬಹುದು. ಹಳೆಯ ಮೀಟರಿನ ಪರ ನಾನು ವಾದಿಸುವುದು ಈ ಕಾರಣಕ್ಕೆ, ಹಳೇ ಸಾಮಾನಿನ ವ್ಯಾಮೋಹಕ್ಕಲ್ಲ (ಅದೂ ಇದೆ).

ಆದರೆ ಮುದುಕರಿಗೆ ಮರೆವಿನ ಭಯ. 1980ರ ದಶಕದ ಐದೂವರೆ ಅಂಕಿಯ ಎಚ್‌ಪಿ 3478ಎ ತೆಗೆದುಕೊಳ್ಳಿ. ಅದಕ್ಕೂ ಹಿಂದಿನ ಮೀಟರುಗಳನ್ನು ಮುಚ್ಚಳ ತೆಗೆದು, ಪ್ರಿಸೆಟ್ಟುಗಳನ್ನು ತಿರುವಿ ಸರಿಪಡಿಸುತ್ತಿದ್ದರು. ಇದರಲ್ಲಿ ಆ ತಿದ್ದುಪಡಿಗಳೆಲ್ಲ ಸಂಖ್ಯೆಗಳಾಗಿ ಒಂದು ಮೆಮರಿ ಚಿಪ್ಪಿನಲ್ಲಿವೆ. ಚಿಪ್ಪನ್ನು ಎಚ್ಚರವಾಗಿಡುವುದು ಬೋರ್ಡಿಗೆ ಬೆಸುಗೆ ಹಾಕಿದ 3 ವೋಲ್ಟಿನ ಲಿಥಿಯಂ ಬ್ಯಾಟರಿ. ಬ್ಯಾಟರಿ ಸತ್ತ ದಿನ ಒಂದು ಬಿಡಿಭಾಗವೂ ಸುಟ್ಟಿರುವುದಿಲ್ಲ. ಆದರೂ ಮೀಟರಿಗೆ ವೋಲ್ಟ್ ಎಂದರೆ ಎಷ್ಟು ಎಂಬುದು ಮರೆತಿರುತ್ತದೆ. ಮತ್ತೆ ಕಲಿಸಲು ಕ್ಯಾಲಿಬ್ರೇಷನ್ ಲ್ಯಾಬಿಗೆ ಒಯ್ಯಬೇಕು, ಅದರ ಬಿಲ್ಲು ಮೀಟರಿನ ಬೆಲೆಗೇ ಸವಾಲು ಹಾಕೀತು. ಎಂಟೂವರೆ ಅಂಕಿಯ ಮಹಾರಾಜ 3458ಎ ಮೀಟರಿನ ಹಳೆಯ ಮಾದರಿಗಳಿಗೂ ಇದೇ ರೋಗ: ಅಲ್ಲಿ ಬ್ಯಾಟರಿ ಮೆಮರಿ ಚಿಪ್ಪಿನ ಹೊಟ್ಟೆಯೊಳಗೇ ಅಡಗಿದೆ.

ನನಗೆ ತುಂಬಾ ಇಷ್ಟವಾದದ್ದು ಇದರ ಮದ್ದು. 3478ಎ ಬೆನ್ನಿನಲ್ಲಿರುವ ಜಿಪಿಐಬಿ ಕನೆಕ್ಟರಿನ ಮೂಲಕ ಆ ಮೆಮರಿಯನ್ನು ಕಂಪ್ಯೂಟರಿಗೆ ಓದಿಸಿಕೊಳ್ಳಬಹುದು. ಒಟ್ಟು 256 ಪುಟ್ಟ ಸಂಖ್ಯೆಗಳು. ಕಾಗದದ ಮೇಲೆ ಬರೆದರೂ ಒಂದು ಹಾಳೆ ಸಾಕು. ಆಮೇಲೆ ಹಳೆಯ ಬ್ಯಾಟರಿಗೆ ಸಮಾನಾಂತರವಾಗಿ ಇನ್ನೊಂದನ್ನು ತಾತ್ಕಾಲಿಕವಾಗಿ ಜೋಡಿಸಿ, ಮೆಮರಿಗೆ ಉಸಿರುಗಟ್ಟದಂತೆ ಹೊಸದನ್ನು ಬೆಸೆಯಬೇಕು. ಹಳೇ ಮೀಟರು ಮನೆಗೆ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ ಇದು.

ಮೊದಲ ಕೆಲಸ ಕುಂಕುಮ ಹಚ್ಚುವುದಲ್ಲ. ಆಯುಧ ಪೂಜೆಯ ದಿನ ಮೀಟರಿನ ಟರ್ಮಿನಲ್ಲುಗಳ ನಡುವೆ ಒದ್ದೆ ಗಂಧ, ಅದರ ಮೇಲೆ ಕುಂಕುಮ ಮೆತ್ತಿದ್ದನ್ನು ನಾನು ಕಾಲೇಜು ಲ್ಯಾಬುಗಳಲ್ಲೂ ನೋಡಿದ್ದೇನೆ. ಹಚ್ಚಿದರೆ ಮೀಟರು ಸುಡುವುದಿಲ್ಲವಂತೆ! 34401ಎ ತನ್ನ 10 ವೋಲ್ಟ್ ರೇಂಜಿನಲ್ಲಿ 10 ಗಿಗಾ ಓಮಿಗೂ ಮೀರಿದ ರೋಧ ಒಡ್ಡಬಲ್ಲದು. ಮಳೆಗಾಲದ ತೇವ ಹೀರಿದ ಆ ಪದರ 1 ಗಿಗಾ ಓಮ್‌ನಷ್ಟು ಸೋರಿದರೂ, 1 ಮೆಗಾ ಓಮ್ ಮೂಲವನ್ನು ಅಳೆಯುವಾಗ ಶೇ. 0.1ರಷ್ಟು ತಪ್ಪು ಬರುತ್ತದೆ. ಆ ರೇಂಜಿನಲ್ಲಿ ಕಂಪನಿ ಕೊಡುವ ಒಂದು ವರ್ಷದ ಭರವಸೆ ಅಳತೆಯ ಶೇ. 0.0035, ಜೊತೆಗೆ ರೇಂಜಿನ ಶೇ. 0.0005. ಅಷ್ಟು ದುಡ್ಡು ಕೊಟ್ಟು ತಂದ ನಿಖರತೆಯನ್ನು ಚಿಟಿಕೆ ಕುಂಕುಮಕ್ಕೆ ಬಲಿ ಕೊಟ್ಟಂತಾಯಿತು. ಭಕ್ತಿ ಇದ್ದರೆ ಹಾರವನ್ನು ಹಿಡಿಕೆಗೆ ಹಾಕಿ.

ರಿಪೇರಿಯ ಮಾತು. ಆ ಕಾಲದ ಎಚ್‌ಪಿ, ಫ್ಲೂಕ್ ಸರ್ವಿಸ್ ಮ್ಯಾನ್ಯುಯಲ್ಲುಗಳಲ್ಲಿ ಪೂರ್ತಿ ಸರ್ಕ್ಯೂಟ್ ನಕ್ಷೆ, ಬಿಡಿಭಾಗಗಳ ಪಟ್ಟಿ, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂಬ ವಿವರ ಎಲ್ಲವೂ ಇವೆ. ಈಗಿನ ಅಗ್ಗದ ಮೀಟರುಗಳ ಜೊತೆ ನಕ್ಷೆಯೇ ಬರುವುದಿಲ್ಲ. ಕೆಪಾಸಿಟರ್, ರಿಲೇ, ಆಪ್-ಆಂಪ್ ಎಸ್‌ಪಿ ರೋಡಿನಲ್ಲೇ ಸಿಗುತ್ತವೆ. ಕಂಪನಿ ತನಗೆಂದೇ ಮಾಡಿಸಿದ ಚಿಪ್ಪು ಮತ್ತು ಡಿಸ್‌ಪ್ಲೇ ಸಿಗುವುದು ಸತ್ತ ಇನ್ನೊಂದು ಮೀಟರಿನಲ್ಲಿ ಮಾತ್ರ. ಹಾಗಾಗಿ ಡಿಸ್‌ಪ್ಲೇ ಮಂಕಾಗಿರುವುದನ್ನು ಮುಟ್ಟಲೇಬೇಡಿ. ನಿಮ್ಮ ಕೆಲಸಕ್ಕೆ ಐದೂವರೆ ಅಂಕಿ ಧಾರಾಳ. ಯುಪಿಎಸ್ಸಿನ ಬ್ಯಾಟರಿ ಸಾಲು, ಕರೆಂಟಿನ ಲೈನು ಮುಟ್ಟುವಾಗ ಮಾತ್ರ ಸರಿಯಾದ ಫ್ಯೂಸಿರುವ ಕೈಮೀಟರೇ ಇರಲಿ.

ಅಮೆರಿಕದಿಂದ ಬಂದ ಸರಕಾದರೆ, ಪ್ಲಗ್ ಚುಚ್ಚುವ ಮೊದಲು ಬೆನ್ನಿನ ವೋಲ್ಟೇಜ್ ಸೆಲೆಕ್ಟರ್ 120ರಲ್ಲಿದೆಯೋ 230-240ರಲ್ಲಿದೆಯೋ ನೋಡಿ. 3478ಎ ಹಿಂಬದಿಯಲ್ಲಿ 50/60 ಹರ್ಟ್ಸಿನ ಪುಟ್ಟ ಸ್ವಿಚ್ಚೂ ಇದೆ. ಮೀಟರು ಒಳಬಂದ ವೋಲ್ಟೇಜನ್ನು ಕರೆಂಟಿನ ಪೂರ್ತಿ ಆವರ್ತಗಳ ಕಾಲ ಕೂಡಿಹಾಕಿ, ಲೈನಿನ ಗುಂಯ್‌ಗುಡುವಿಕೆಯನ್ನು ಸೊನ್ನೆಯಾಗಿಸುತ್ತದೆ. ಒಂದು ಆವರ್ತ ನಮ್ಮಲ್ಲಿ 20 ಮಿಲಿಸೆಕೆಂಡು, ಅವರಲ್ಲಿ 16.67. ಸ್ವಿಚ್ಚು 60ರಲ್ಲಿ ಉಳಿದಿದ್ದರೆ ಲೆಕ್ಕ ಕೂಡದೆ ಕೊನೆಯ ಅಂಕಿಗಳು ಕುಣಿಯತೊಡಗುತ್ತವೆ. ‘ಸ್ವಲ್ಪ ಪ್ರಾಬ್ಲಂ ಇದೆ ಸಾರ್’ ಎಂದು ಅಂಗಡಿಯವರೇ ಬೆಲೆ ಇಳಿಸಿದರೆ, ಸುಮ್ಮನೆ ದುಡ್ಡು ಕೊಟ್ಟು ಮನೆಗೆ ತಂದು ಸ್ವಿಚ್ಚನ್ನು ತಳ್ಳಿ.