ಮರೆವಿಗೆ ಹೆಸರು ಬಂದ ಮೇಲೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮ ಮನೆಗಳಲ್ಲಿ ಎಷ್ಟೋ ಸಂಗತಿಗಳನ್ನು ಮುಚ್ಚಿಟ್ಟಿದೆ. ಚನ್ನಗಿರಿಯ ಅಡಿಕೆ ಬೆಳೆಗಾರನು ಮಂಡಿಯಲ್ಲಿ ಲೆಕ್ಕ ತಪ್ಪಿದರೂ ಅದೇ ಮಾತು. ಹೊನ್ನಾಳಿಯ ಗೃಹಿಣಿಯು ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ಅದೇ ಮಾತು. ಗಾದೆಯಲ್ಲಿ ಒಂದು ಬಗೆಯ ಸಮಾಧಾನವೂ ಉಂಟು. ಆದರೆ ವೈದ್ಯರು ‘ಇದು ಆಲ್‌ಝೈಮರ್ ರೋಗ’ ಎಂದ ದಿನ ಆ ಸಮಾಧಾನ ಹಾರಿಹೋಗುತ್ತದೆ.

ಆ ಹೆಸರು ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್‌ನದು. 1901ರಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಬಂದ ಮಹಿಳೆಯೊಬ್ಬಳನ್ನು ಅವನು ಪರೀಕ್ಷಿಸಿದನು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅವಳ ಮಿದುಳಿನಲ್ಲಿ ಕಂಡ ವಿಕಾರಗಳನ್ನು ವಿವರಿಸಿದನು. ಆಸ್ಪತ್ರೆಗೆ ಬಂದಾಗ ಆಕೆಯ ವಯಸ್ಸು 51 ಮಾತ್ರ. ಅರವತ್ತರ ಗಾದೆಗೂ ಈ ರೋಗಕ್ಕೂ ಅಷ್ಟೇ ನಂಟು! ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಮರೆಗುಳಿತನದ ಕಾಯಿಲೆಗಳಿವೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಅವುಗಳಲ್ಲಿ ಆಲ್‌ಝೈಮರ್ ಮುಖ್ಯವಾದುದು.

ಹೆಸರು ತಿಳಿದ ಮೊದಲ ವಾರಗಳಲ್ಲಿ ಮನೆಯವರನ್ನು ಕಾಡುವುದು ಭವಿಷ್ಯಕ್ಕಿಂತ ಭೂತಕಾಲ. ‘ಕೇಳಿದ್ದನ್ನೇ ಕೇಳುತ್ತೀರಿ’ ಎಂದು ಗದರಿಸಿದ್ದು ಹೆಂಡತಿಯ ನೆನಪಿಗೆ ಬರುತ್ತದೆ. ಮಗನು ನಂಬಲೊಲ್ಲದೆ ಮತ್ತೊಬ್ಬ ವೈದ್ಯರನ್ನು ಹುಡುಕುತ್ತಾನೆ. ಅದು ತಪ್ಪೇನಲ್ಲ. ಬಿ-12 ಜೀವಸತ್ತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ಇವೂ ಮರೆವನ್ನು ತರಬಲ್ಲವು, ಇವಕ್ಕೆ ಚಿಕಿತ್ಸೆಯುಂಟು. ಇವೆಲ್ಲವನ್ನೂ ಪರೀಕ್ಷಿಸಿ ನೋಡಿದ ಮೇಲೂ ಊರೂರು ಅಲೆಯುವುದು ಮಾತ್ರ ದುಃಖವನ್ನು ಮುಂದೂಡುವ ಉಪಾಯವೇ ಸರಿ. ಬದುಕಿರುವವರಿಗಾಗಿ ಅಳುವುದು ಅಮಂಗಳವೆಂದು ನಮ್ಮವರು ಕಣ್ಣೀರನ್ನು ನುಂಗಿಕೊಳ್ಳುತ್ತಾರೆ. ನುಂಗಿದ್ದು ಸಿಟ್ಟಾಗಿ ಹೊರಬೀಳುತ್ತದೆ. ಬೀಳುವುದು ರೋಗಿಯ ಮೇಲೆಯೇ.

ಆ ರೋಗಿಯ ಮನಸ್ಸನ್ನು ಕೇಳುವವರು ಯಾರು? ಆರಂಭದ ಹಂತದಲ್ಲಿ ತನಗೇನೋ ಆಗುತ್ತಿದೆಯೆಂಬುದು ಅನೇಕರಿಗೆ ಚೆನ್ನಾಗಿ ತಿಳಿಯುತ್ತದೆ. ನಡುಮನೆಯ ಪಿಸುಮಾತು ಅವರ ಭಯವನ್ನು ಹೆಚ್ಚಿಸುತ್ತದೆ. ಅವರು ಕೇಳಿದಷ್ಟನ್ನು ಮೃದುವಾಗಿ, ನಿಜವಾಗಿ ಹೇಳುವುದು ಮೇಲು. ಜಮೀನು, ಬ್ಯಾಂಕು, ಪಿಂಚಣಿಗಳ ವಿಷಯದಲ್ಲಿ ಅವರ ಇಚ್ಛೆಯನ್ನು ಅವರ ಬಾಯಿಂದಲೇ ಕೇಳಿಕೊಳ್ಳುವ ಕಾಲವೂ ಅದೇ.

ಈ ರೋಗವು ಸಾಮಾನ್ಯವಾಗಿ ಮೊದಲು ಹೊಸ ನೆನಪನ್ನು ಕದಿಯುತ್ತದೆ. ಹಳೆಯದು ಬಹುಕಾಲ ಉಳಿಯುತ್ತದೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮುಂಚೆ ಜಗಳೂರು ಚಿತ್ರದುರ್ಗಕ್ಕೂ, ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ಜಗಳೂರಿನ ಅಜ್ಜನೊಬ್ಬನು ‘ನಮ್ಮದು ಚಿತ್ರದುರ್ಗ ಜಿಲ್ಲೆ’ ಎಂದರೆ ಮೊಮ್ಮಗನು ನಗುತ್ತ ತಿದ್ದುತ್ತಾನೆ. ತಿದ್ದಿದಷ್ಟೂ ಅಜ್ಜನು ಕುಗ್ಗುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ, ಹಳೆಯ ನಕ್ಷೆ. ‘ಆಗ ದುರ್ಗಕ್ಕೆ ಹೇಗೆ ಹೋಗುತ್ತಿದ್ದಿರಿ, ಅಜ್ಜಾ?’ ಎಂದು ಕೇಳಿದರೆ ಅರ್ಧ ಗಂಟೆ ನೆಮ್ಮದಿಯಿಂದ ಮಾತನಾಡಿಯಾನು. ಮೊಮ್ಮಗನಿಗೂ ಒಂದು ಕಥೆ ದೊರೆಯುತ್ತದೆ.

ಈಗ ಸಿಗುವ ಮಾತ್ರೆಗಳು ಕೆಲವರಿಗೆ ಕೆಲಕಾಲ ನೆರವಾಗುತ್ತವೆ, ರೋಗವನ್ನು ಗುಣಪಡಿಸವು. ಆದುದರಿಂದ ಭಾರವೆಲ್ಲ ಬೀಳುವುದು ಆರೈಕೆ ಮಾಡುವವರ ಮೇಲೆ. ಎಂದರೆ ಬಹುತೇಕ ಹೆಂಡತಿ, ಮಗಳು ಇಲ್ಲವೆ ಸೊಸೆ. ‘ಎಂಥ ಪುಣ್ಯವಂತೆ!’ ಎಂದು ಹೊಗಳಿ, ಕಾಫಿ ಕುಡಿದು ಹೊರಡುವ ಬಂಧುಗಳಿಗೆ ಕೊರತೆಯಿಲ್ಲ. ವಾರಕ್ಕೊಂದು ಮಧ್ಯಾಹ್ನ ಹಿರಿಯರ ಬಳಿ ತಾವು ಕುಳಿತು ಆಕೆಯನ್ನು ಹೊರಗೆ ಕಳುಹಿಸುವ ಬಂಧು ಅಪರೂಪ. ಮನಸ್ಸು ತೀರ ಸೋತಾಗ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲು ರಾತ್ರಿ ಕನ್ನಡದಲ್ಲಿಯೂ ದೊರೆಯುತ್ತದೆ. ಹಿರಿಯ ನಾಗರಿಕರಿಗೆಂದೇ 14567 ಇದೆ. ಕರೆ ಮಾಡುವವರು ರೋಗಿಯೇ ಆಗಿರಬೇಕಾಗಿಲ್ಲ.