ಹೊಸ ಬಡಾವಣೆಗಳೂ ನೀರಿನ ಹಾದಿಯೂ

ಶಿವಮೊಗ್ಗೆಗೂ ಭದ್ರಾವತಿಗೂ ನಡುವಣ ಗದ್ದೆಬಯಲುಗಳಲ್ಲಿ ಮನೆಯ ನಿವೇಶನಗಳು ಹೆಚ್ಚುತ್ತಿರುವುದನ್ನು ಗ್ರಾಮದ ಮಹಾಜನಗಳು ಬಲ್ಲರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನಾರಂಭಿಸಿದಂದಿನಿಂದ ಈ ಸೀಮೆಯ ಊರುಗಳು ಬೆಳೆಯುತ್ತಲೇ ಬಂದಿವೆ. ಅದು ದೋಷವಲ್ಲ. ಆದರೆ ಜಮೀನನ್ನು ನಿವೇಶನಕ್ಕೆ ಕೊಡುವ ಭೂಮಾಲೀಕರು ಅಳತೆಯ ಸರಪಳಿ ಹಿಡಿಸುವುದಕ್ಕೆ ಮುಂಚೆ ಮಾಡತಕ್ಕ ಕೆಲಸವೊಂದುಂಟು. ಮಳೆ ಜೋರಾಗಿ ಸುರಿಯುವ ದಿನ ಕಂಬಳಿಕೊಪ್ಪೆ ಹೊದ್ದು ಆ ನೆಲದ ಮೇಲೆ ನಡೆದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂಬುದನ್ನು ಕಣ್ಣಾರೆ ಕಂಡು, ಆ ಹಾದಿಯುದ್ದಕ್ಕೂ ಗೂಟ ನೆಡಿಸಬೇಕು. ನಕ್ಷೆಯ ಮಾತು ಆಮೇಲಿನದು.

ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಗಳಿಂದ ನೀರುಣ್ಣುವ ಗದ್ದೆಗಳಲ್ಲಿ ಹೊಲಗಾಲುವೆಯು ಎಷ್ಟು ಮುಖ್ಯವೋ ಬಸಿಗಾಲುವೆಯೂ ಅಷ್ಟೇ ಮುಖ್ಯ. ಮೊದಲನೆಯದು ಮುಚ್ಚಿದರೆ ಕೆಳಗಿನ ರೈತನಿಗೆ ನೀರಿಲ್ಲ. ಎರಡನೆಯದು ಮುಚ್ಚಿದರೆ ಮೇಲಿನವನಿಗೆ ನೀರೇ ಕಂಟಕ. ನಾನು ತನಿಖೆಗೆ ಹೋಗಿದ್ದ ಒಂದು ಗ್ರಾಮದಲ್ಲಿ ರಸ್ತೆಯನ್ನು ಅಗಲಿಸುವುದಕ್ಕಾಗಿ ಬಸಿಗಾಲುವೆಗೆ ಮಣ್ಣು ತುಂಬಿದ್ದರು. ಮರುವರ್ಷ ಜುಲೈ ತಿಂಗಳಲ್ಲಿ ನಿವೇಶನ ಮಾರಿದ ಯಜಮಾನರ ಉಳಿದ ಗದ್ದೆಯೇ ನಿಂತ ನೀರಿನಲ್ಲಿ ಕೊಳೆಯಿತು. ಹೊಸ ಮನೆಗಳ ಬಚ್ಚಲ ನೀರೂ ಅದಕ್ಕೇ ಬಂದು ಸೇರಿತು. ಕಾಲುವೆಯನ್ನು ಮತ್ತೆ ತೋಡಿಸಲು ಅವರು ತೆತ್ತ ಹಣ, ರಸ್ತೆಗೆ ಸೇರಿದ ಆ ನಾಲ್ಕು ಮಾರು ನೆಲದ ಬೆಲೆಗಿಂತ ಹೆಚ್ಚು.

ಆದಕಾರಣ ದಿಣ್ಣೆಯನ್ನು ಮನೆಗಳಿಗೂ ತಗ್ಗನ್ನು ನೀರಿಗೂ ಬಿಡತಕ್ಕದ್ದು. ಕೆರೆಯಂಗಳವು ಬೇಸಗೆಯಲ್ಲಿ ಬಯಲಿನಂತೆ ಕಂಡರೂ ಅದು ಕೆರೆಯೇ ಸರಿ. ಮುಖ್ಯ ರಸ್ತೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಿದರೆ ಮಣ್ಣು ಕೊಚ್ಚಿಹೋಗುವುದು ತಗ್ಗುವುದು. ಇಳಿಜಾರಿನ ಚರಂಡಿಗಳಿಗೆ ಕಲ್ಲಿನ ಮೆಟ್ಟಿಲುಗಳಿರಬೇಕು. ಚರಂಡಿಯು ಕೆರೆಯನ್ನು ಸೇರುವುದಕ್ಕೆ ಮುಂಚೆ ಹೂಳು ನಿಲ್ಲುವ ಗುಂಡಿಯೊಂದನ್ನು ತೋಡಿಸಬೇಕು. ಬಚ್ಚಲ ನೀರನ್ನು ಮಾತ್ರ ಅದಕ್ಕೆ ಬಿಡಲಾಗದು. ಅದಕ್ಕೆ ಬಾವಿಯಿಂದ 15 ಮೀಟರಿಗೆ ಕಡಮೆಯಿಲ್ಲದ ದೂರದಲ್ಲಿ ಇಂಗುಗುಂಡಿ ಬೇರೆ. ಏರಿಯ ಮೇಲೆ ಮರ ನೆಡುವ ಉತ್ಸಾಹವನ್ನು ಅಲ್ಲಲ್ಲಿ ಕಾಣುತ್ತೇನೆ. ಬೇರು ಸತ್ತು ಕೊಳೆತಾಗ ಅದೇ ನೀರಿಗೆ ಸುರಂಗವಾಗುವುದು. ಏರಿಗೆ ಗರಿಕೆಯೂ ಲಾವಂಚವೂ ಸಾಕು; ಹೊಂಗೆ ನೇರಳೆಗಳಿಗೆ ರಸ್ತೆಯ ಬದಿಯಿದೆ.

ಛಾವಣಿಯ ನೀರಿನ ಲೆಕ್ಕವು ಸುಲಭ. 100 ಚದರ ಮೀಟರ್ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರಾಗುವುದು. 50 ಮನೆಗಳಿಂದ ಇದು ಒಮ್ಮೆಗೇ ಚರಂಡಿಗೆ ನುಗ್ಗಿದರೆ ಕೆಳಗಿನ ಗದ್ದೆಯ ಬದು ನಿಲ್ಲುವುದಿಲ್ಲ. ತೊಟ್ಟಿಯಲ್ಲಿ ಹಿಡಿದರೆ, ಮಿಕ್ಕುದನ್ನು ಸೋಸಿ ಬಾವಿಯ ಬಳಿ ಇಂಗಿಸಿದರೆ, ಬೇಸಗೆಗೆ ಒದಗುವುದು.

ಸಾಗುವಳಿಯ ಜಮೀನನ್ನು ನಿವೇಶನವಾಗಿ ಮಾರ್ಪಡಿಸಲು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದ ಮೇರೆಗೆ ಜಿಲ್ಲಾಧಿಕಾರಿಗಳ ಅನುಮತಿ ಬೇಕೆಂಬುದು ಭೂಮಾಲೀಕರಿಗೆ ತಿಳಿದದ್ದೇ. ಅರ್ಜಿಯೊಡನೆ ಕೊಡುವ ನಕ್ಷೆಯಲ್ಲಿ ಗೂಟ ನೆಟ್ಟ ಕಾಲುವೆಗಳನ್ನೆಲ್ಲ ತೋರಿಸಿರಿ. ಪ್ರತಿ ಮೇ ತಿಂಗಳಲ್ಲಿ ಅವುಗಳ ಹೂಳು ತೆಗೆಸುವ ಹೊಣೆ ಯಾರದೆಂಬುದನ್ನು ಕ್ರಯಪತ್ರದಲ್ಲಿಯೇ ಬರೆಯಿಸಿರಿ. ಮನೆಗಳು ಎದ್ದ ಮೇಲೆ ಗುದ್ದಲಿ ಹಿಡಿಯುವವರು ಸಿಕ್ಕುವುದು ಕಷ್ಟ.